ಇಯರ್‌ಬಡ್ ತೆಗೆದರೆ ಸಂಕಟ

ಪ್ರಶ್ನೆ: ಮೇಡಂ, ನಾನು ಮಡಿಕೇರಿಯಲ್ಲಿ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದೇನೆ. ಪಿಜಿಯಲ್ಲಿ ಒಂದೇ ರೂಮಿಗೆ ಮೂರು ಜನ. ಒಬ್ಬಳು ಜೋರಾಗಿ ರೀಲ್ಸ್ ಹಾಕುತ್ತಾಳೆ, ಇನ್ನೊಬ್ಬಳದು ನಡುರಾತ್ರಿವರೆಗೂ ಫೋನು. ಅದಕ್ಕೇ ಬೆಳಗ್ಗೆಯಿಂದ ಮಲಗುವವರೆಗೂ ಕಿವಿಯಲ್ಲಿ ಇಯರ್‌ಬಡ್. ತೆಗೆದರೆ ಏನೋ ಸಂಕಟ. ನಾಪೋಕ್ಲು ಹತ್ತಿರ ನಮ್ಮ ಮನೆಗೆ ಹೋದರೆ ಮಿಕ್ಸಿ ಸದ್ದಿಗೂ ಸಿಟ್ಟು ಬರುತ್ತದೆ. ರಾತ್ರಿ ಕಿವಿಯಲ್ಲಿ ಕುಂಯ್ ಅನ್ನುತ್ತದೆ. ಅಮ್ಮ ‘ನಿನಗೆ ಜಂಬ’ ಅನ್ನುತ್ತಾರೆ. ನನಗೇನಾದರೂ ಮನಸ್ಸಿನ ಕಾಯಿಲೆಯಾ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಜಂಬ ಅಲ್ಲ ಮಗೂ. ನೀನು ಬರೆದಷ್ಟರಿಂದ ಕಾಯಿಲೆ ಅಂತ ಹೆಸರಿಡಲೂ ಆಗುವುದಿಲ್ಲ. ಕೆಲವರಿಗೆ ಸದ್ದು ಬೇರೆಯವರಿಗಿಂತ ಜಾಸ್ತಿ ತಾಗುತ್ತದೆ. ನಿದ್ದೆಗೆಟ್ಟಾಗ, ಪರೀಕ್ಷೆ ಹತ್ತಿರ ಬಂದಾಗ, ಮನಸ್ಸು ಕುಗ್ಗಿದಾಗ ಇನ್ನೂ ಜಾಸ್ತಿ.

ಒಂದು ವಿಷಯ ಯೋಚನೆ ಮಾಡು. ಜುಲೈ ಮಳೆ ಶೀಟಿನ ಮೇಲೆ ಹೊಡೆಯುವಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಆದರೂ ಆ ಸದ್ದಿನಲ್ಲೇ ನಮ್ಮ ಮಕ್ಕಳು ಗಡದ್ದಾಗಿ ಮಲಗುತ್ತಾರೆ. ರೀಲ್ಸ್ ಸದ್ದು ಅದರ ಕಾಲುಭಾಗವೂ ಇರಲಿಕ್ಕಿಲ್ಲ, ಆದರೂ ಎದೆ ಉರಿಯುತ್ತದೆ. ಯಾಕೆಂದರೆ ‘ನಾನು ಓದುತ್ತಾ ಕೂತಿರೋದು ಇವಳಿಗೆ ಕಾಣಲ್ವಾ’ ಅನ್ನುವ ನೋವು ಆ ಸದ್ದಿನ ಜೊತೆಗೇ ಬರುತ್ತದೆ. ಇದನ್ನು ನೀನು ಅವಳ ಹತ್ತಿರ ಹೇಳಿದ ಹಾಗೆ ಕಾಣುವುದಿಲ್ಲ. ಹೇಳಬೇಕಾದ ಮಾತಿನ ಜಾಗದಲ್ಲಿ ಇಯರ್‌ಬಡ್ ಕೂತಿದೆ. ಸಿಟ್ಟು ನೆತ್ತಿಗೇರಿದ ಹೊತ್ತಲ್ಲಿ ಬೇಡ, ಮೂವರೂ ಊಟಕ್ಕೆ ಕೂತಾಗ ಹೇಳು. ‘ರಾತ್ರಿ ಹತ್ತರ ಮೇಲೆ ಸ್ಪೀಕರ್ ಬೇಡ ಕಣೇ, ಫೋನು ಹೊರಗೆ ಜಗಲಿಯಲ್ಲಿ’ ಅಂತ ನೇರವಾಗಿ. ಅವರು ಒಪ್ಪದಿದ್ದರೆ ಪಿಜಿ ಆಂಟಿಗೆ ಹೇಳು. ದುಡ್ಡು ಕೊಟ್ಟು ಇರುವ ಜಾಗದಲ್ಲಿ ನಿದ್ದೆ ಕೇಳುವುದು ಅತಿಯಾಸೆಯಲ್ಲ.

ಇನ್ನು ಆ ಕುಂಯ್ ಸದ್ದು. ಇದನ್ನು ಹಗುರವಾಗಿ ತಗೋಬೇಡ. ಒಳಕಿವಿಯಲ್ಲಿ ಸದ್ದು ಹಿಡಿಯುವ ಸಣ್ಣ ಕೂದಲಿನಂಥ ಜೀವಕೋಶಗಳಿವೆ. ಗಾಳಿಗೆ ಮಲಗಿದ ಪೈರು ಮತ್ತೆ ಏಳಬಹುದು, ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ 80 ಡೆಸಿಬಲ್ (ಸದ್ದಿನ ಅಳತೆ), ವಾರಕ್ಕೆ 40 ಗಂಟೆ. 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ 89ರಲ್ಲಿ ಕೇಳಿದರೆ ವಾರಕ್ಕೆ 5 ಗಂಟೆ, ಅಷ್ಟೇ. ನೀನು ದಿನವಿಡೀ ಹಾಕಿಕೊಳ್ಳುತ್ತೀಯ! ನನ್ನ ಹತ್ತಿರ ಮಾತಾಡಲು ಬರುವ ಮಕ್ಕಳು ಒಂದು ಬಡ್ ತೆಗೆದು ಮೇಜಿನ ಮೇಲಿಡುತ್ತಾರೆ. ಅದರೊಳಗಿನ ತಾಳ ಎದುರು ಕೂತ ನನಗೆ ಚಿಕ್‌ಚಿಕ್ ಅಂತ ಕೇಳುತ್ತಿರುತ್ತದೆ. ಅಷ್ಟು ಸದ್ದು ಬೇಡವೇ ಬೇಡ. ವಾಲ್ಯೂಮ್ 60 ಪರ್ಸೆಂಟ್ ದಾಟಿಸಬೇಡ. ಬಸ್ಸಿನಲ್ಲಿ ಎಂಜಿನ್ ಸದ್ದನ್ನು ಮೀರಿಸಲು ಎಲ್ಲರೂ ಏರಿಸುತ್ತಾರೆ, ಅಲ್ಲೇ ಹುಷಾರು.

ಕಿವಿಯನ್ನು ಸದಾ ಮುಚ್ಚಿಟ್ಟರೆ ಮಾಮೂಲಿ ಸದ್ದೂ ಚುಚ್ಚಲು ಶುರುವಾಗಬಹುದು. ನಿನ್ನ ಮಿಕ್ಸಿ ಸಿಟ್ಟಿನಲ್ಲಿ ಅದರ ಪಾಲೂ ಇರಬಹುದು. ಹಾಗಂತ ಒಂದೇ ಸಲ ಎಲ್ಲ ಬಿಡಬೇಡ, ಸಂಕಟ ಜಾಸ್ತಿಯಾಗುತ್ತದೆ. ಮೊದಲು ಸ್ನಾನ, ತಿಂಡಿ ಹೊತ್ತಲ್ಲಿ ತೆಗೆದಿಡು. ಆಮೇಲೆ ಕಾಲೇಜಿಗೆ ನಡೆಯುವಾಗ. ಮಲಗುವಾಗ ಪೂರ್ತಿ ಮೌನ ಇದ್ದರೆ ಕುಂಯ್ ಜೋರಾಗಿ ಕೇಳುತ್ತದೆ, ಫ್ಯಾನ್ ಸಣ್ಣಗೆ ಓಡಲಿ.

ಮನೆ ಕಡೆ ತೋಟದ ದಾರಿಯಲ್ಲಿ ಮಾತ್ರ ಇವತ್ತಿನಿಂದಲೇ ಬೇಡ. ನಮ್ಮಲ್ಲಿ ಆನೆ ಎದುರಾಗುವ ಮುಂಚೆ ಕೊಂಬೆ ಮುರಿಯುವ ಸದ್ದೇ ಕೇಳಿಸುವುದು. ಕಿವಿ ಮುಚ್ಚಿಕೊಂಡು ಕಾಫಿ ತೋಟದ ತಿರುವಿನಲ್ಲಿ ನಡೆಯುವ ಮಕ್ಕಳನ್ನು ಕಂಡರೆ ನನಗೆ ಭಯವಾಗುತ್ತದೆ.

ಈ ವಾರವೇ ಮಡಿಕೇರಿ ಸರ್ಕಾರಿ ಆಸ್ಪತ್ರೆಯ ಇಎನ್‌ಟಿ ಡಾಕ್ಟರಿಗೆ ತೋರಿಸು, ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡಿ ಅಂತ ಕೇಳು. ಸಂಕಟದ ಜೊತೆ ಅಳು, ನಿದ್ದೆ ಇಲ್ಲದಿರುವುದು, ಯಾರೂ ಬೇಡ ಅನ್ನಿಸುವುದು ಎರಡು ವಾರ ಬಿಡದೆ ಇದ್ದರೆ 14416ಕ್ಕೆ ಫೋನ್ ಮಾಡು. ಅದು ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅಮ್ಮನಿಗೂ ಈ ಪುಟ ಓದಲು ಕೊಡು.