ಸಂಪಾದಕರ ಉತ್ತರ: ಅವೆಸ್ತಾ ಸಂಸ್ಕೃತದ ಮಗಳಾ?

ಮೇಷ್ಟ್ರೇ, ನಮಸ್ಕಾರ. ನಿಮ್ಮ ಉದ್ದನೆಯ ಪತ್ರ ತಲುಪಿತು. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ಅದರ ಸಾರ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯ ಪಾರ್ಸಿಗಳ ಲೇಖನದಲ್ಲಿ ನಾವು ಪಾರ್ಸಿ ಮತದ ಪ್ರವರ್ತಕ ಜರತುಷ್ಟ್ರನ ಗಾಥೆಗಳ, ಅಂದರೆ ಸ್ತುತಿಪದ್ಯಗಳ, ಭಾಷೆಯಾದ ಅವೆಸ್ತಾವನ್ನು ಸಂಸ್ಕೃತದ ಸೋದರಿ ಅಂತ ಕರೆದಿದ್ದೆವು. ನೀವು ಒಪ್ಪುವುದಿಲ್ಲ. ಅದು ಸಂಸ್ಕೃತದ ಮಗಳು, ಇರಾನಿಗೆ ಹೋಗಿ ಉಚ್ಚಾರ ಕೆಟ್ಟ ಸಂಸ್ಕೃತ ಅನ್ನುತ್ತೀರಿ. ಸಾಕ್ಷಿಗೆ ವಾಟ್ಸಾಪಿನಲ್ಲಿ ಬಂದ ಒಂದು ಪದ್ಯವನ್ನೂ ಕಳಿಸಿದ್ದೀರಿ. ಇಲ್ಲವೇ ಇದನ್ನು ಸುಮ್ನೆ 'ಹಳೇ ಪರ್ಷಿಯನ್' ಅಂದರೆ ಸಾಲದೇ ಅಂತಲೂ ಕೇಳಿದ್ದೀರಿ.

ಆ ಪದ್ಯದಿಂದಲೇ ಶುರು ಮಾಡೋಣ. 'ತೆಮ್ ಅಮವಂತೆಮ್ ಯಜತೆಮ್' ಅಂತ ಶುರುವಾಗಿ 'ಮಿಥ್ರೆಮ್ ಯಜಾಯ್ ಜಓಥ್ರಾಬ್ಯೋ' ಅಂತ ಮುಗಿಯುತ್ತೆ. (ಅವೆಸ್ತಾ ಮಾತುಗಳಲ್ಲಿ ಜ ಕಂಡಲ್ಲೆಲ್ಲ ಇಂಗ್ಲಿಷಿನ ಜೆಡ್ ಅಂತ ಓದಿಕೊಳ್ಳಿ.) ಸಂಸ್ಕೃತಕ್ಕೆ ತಿರುಗಿಸಿದರೆ 'ತಂ ಅಮವಂತಂ ಯಜತಂ', 'ಮಿತ್ರಂ ಯಜೈ ಹೋತ್ರಾಭ್ಯಃ'. ಸಾಲುಗಳು ಸುಳ್ಳಲ್ಲ. ಆದರೆ ಇವು ಗಾಥೆಯವಲ್ಲ. ಮಿಥ್ರ ಅನ್ನೋ ದೇವತೆಯನ್ನು ಹೊಗಳುವ ಯಷ್ತ್ ಎಂಬ ಸ್ತೋತ್ರದವು, ಗಾಥೆಗಳಿಗಿಂತ ಈಚಿನ ಅವೆಸ್ತಾದವು. ಎರಡು ಭಾಷೆಗಳ ನಂಟು ತೋರಿಸಲು 19ನೇ ಶತಮಾನದಿಂದಲೂ ಮೇಷ್ಟ್ರುಗಳು ಇದನ್ನೇ ಹೇಳಿಕೊಡುತ್ತಾರೆ, ಯಾಕಂದರೆ ಇದು ತೀರಾ ಚೆನ್ನಾಗಿ ಹೊಂದುತ್ತೆ. ಎಲ್ಲಾ ಸಾಲುಗಳೂ ಹೀಗೆ ಹೊಂದುವುದಿಲ್ಲ ಅನ್ನೋದನ್ನು ಫಾರ್ವರ್ಡ್ ಮಾಡುವವರು ಹೇಳುವುದಿಲ್ಲ.

ಹೋಲಿಕೆ ಇದೆ, ಅದರಲ್ಲಿ ಜಗಳವಿಲ್ಲ. ನಮ್ಮ ಸೋಮ ಅಲ್ಲಿ ಹಓಮ, ಸಪ್ತ ಅಲ್ಲಿ ಹಪ್ತ, ಅಸ್ಮಿ ಅಲ್ಲಿ ಅಹ್ಮಿ. ಸ ಮೊದಲು, ಹ ಆಮೇಲೆ. ಹಾಗಾದರೆ ಸಂಸ್ಕೃತವೇ ಮೂಲ ಅಂತ ಅನ್ನಿಸುವುದು ಸಹಜ. ಆದರೆ ಹಳಗನ್ನಡದ 'ಪಾಲ್' ನಮ್ಮಲ್ಲಿ ಹಾಲಾಯಿತು, ತಮಿಳಿನಲ್ಲಿ ಇವತ್ತಿಗೂ ಪಾಲ್. ಅಷ್ಟಕ್ಕೇ ಕನ್ನಡ ತಮಿಳಿನಿಂದ ಹುಟ್ಟಿತು ಅಂತ ಯಾರಾದರೂ ಅಂದರೆ ನೀವು ಸುಮ್ಮನಿರುತ್ತೀರಾ?

ಅದೂ ಅಲ್ಲದೆ ಅವೆಸ್ತಾ ಉಳಿಸಿಕೊಂಡಿದ್ದನ್ನು ಸಂಸ್ಕೃತ ಕಳೆದುಕೊಂಡದ್ದೂ ಇದೆ. ದೇವರ ಹೆಸರನ್ನೇ ನೋಡಿ, ಅಹುರ ಮಜ್ದಾ. ಈ 'ಮಜ್ದಾ' ಮತ್ತು ನಮ್ಮ 'ಮೇಧಾ' ಒಂದೇ ಬೇರಿನವು. ಮೂಲದಲ್ಲಿ ನಡುವೆ ಜೆಡ್ ದನಿ ಇತ್ತು, ಸಂಸ್ಕೃತದಲ್ಲಿ ಅದು ಬಿದ್ದುಹೋಯಿತು, ಅದರ ಹಿಂದಿನ ಅಕಾರ ಏಕಾರವಾಯಿತು. 'ತೀರಾ ಹತ್ತಿರದ' ಅನ್ನುವ 'ನೇದಿಷ್ಠ' ಅಲ್ಲಿ 'ನಜ್ದಿಷ್ತ', ಅದೇ ಲೆಕ್ಕ. ಈಗ ಅವೆಸ್ತಾ ಮಗಳು ಅನ್ನೋದಾದರೆ ತಾಯಿಯ ಹತ್ತಿರ ಇಲ್ಲದ ದನಿ ಮಗಳಿಗೆ ಎಲ್ಲಿಂದ ಬಂತು? ಹಾಗಂತ ಅವೆಸ್ತಾ ತಾಯಿಯೂ ಅಲ್ಲ, ಅದು ಮಹಾಪ್ರಾಣಗಳನ್ನು ಕಳೆದುಕೊಂಡಿದೆ, ಭ್ರಾತರ್ ಅಲ್ಲಿ ಬ್ರಾತರ್. ಎರಡಕ್ಕೂ ಹಿಂದೆ ಇನ್ನೊಂದು ಭಾಷೆ ಇತ್ತು ಅನ್ನದೆ ಬೇರೆ ದಾರಿಯಿಲ್ಲ. ಅದನ್ನೇ ವಿದ್ವಾಂಸರು ಇಂಡೋ-ಇರಾನಿಯನ್ ಅನ್ನುವುದು.

ಇನ್ನು ಪರ್ಷಿಯನ್. ಸಂಸ್ಕೃತದ ಹಸ್ತ ಅವೆಸ್ತಾದಲ್ಲಿ ಜಸ್ತ, ಡೇರಿಯಸ್ ದೊರೆಯ ಶಾಸನಗಳ ಹಳೇ ಪರ್ಷಿಯನ್‌ನಲ್ಲಿ ದಸ್ತ. ನಮ್ಮ ಕಚೇರಿ ಕನ್ನಡದ ದಸ್ತಾವೇಜು, ದಸ್ತಗಿರಿ ಎರಡರಲ್ಲೂ ಇರೋದು ಆ ಪರ್ಷಿಯನ್ ಕೈ, ಅವೆಸ್ತಾದ ಕೈ ಅಲ್ಲ. ಹಳೇ ಪರ್ಷಿಯನ್ ಇರಾನಿನ ನೈಋತ್ಯದ್ದು. ಅವೆಸ್ತಾ ಅನ್ನೋದು ಪಾರ್ಸಿಗಳ ಧರ್ಮಗ್ರಂಥದ ಹೆಸರೂ ಹೌದು, ಅದರ ಈಚಿನ ಭಾಗಗಳಲ್ಲಿ ಬರುವ ಊರು, ನದಿಗಳು ಹೆಚ್ಚಾಗಿ ಪೂರ್ವ ಇರಾನ್, ಅಫ್ಘಾನಿಸ್ತಾನ, ಮಧ್ಯ ಏಷ್ಯಾದ ಕಡೆಯವು. ಗಾಥೆಗಳ ಕಾಲ ಕ್ರಿ.ಪೂ. 1500ರಿಂದ 1000ದ ಆಸುಪಾಸು ಅಂತ ಹಲವರು ಊಹಿಸುವುದೂ ಮುಖ್ಯವಾಗಿ ಭಾಷೆಯನ್ನು ನೋಡಿಯೇ. ಇವತ್ತು ಪಾರ್ಸಿಗಳ ಮನೆಮಾತು ಗುಜರಾತಿ. ಬೆಂಗಳೂರಿನ ಕ್ವೀನ್ಸ್ ರೋಡಿನ ಅಗ್ನಿಮಂದಿರದಲ್ಲೂ ಅವೆಸ್ತಾ ಕೇಳಿಬರುವುದು ಪ್ರಾರ್ಥನೆಯಲ್ಲಿ ಮಾತ್ರ.

ಗಾಥೆಗಳು ಒಟ್ಟು 17. 72 ಅಧ್ಯಾಯದ ಯಸ್ನ ಅನ್ನೋ ಪೂಜಾಪಾಠದ ಒಳಗೆ ಸೇರಿಕೊಂಡಿವೆ. ನಮ್ಮ ವೇದದ ಹಾಗೆ ಬಾಯಿಪಾಠದಲ್ಲೇ ಉಳಿದವು, ಬರೆದಿಟ್ಟದ್ದು ಇರಾನನ್ನು ಆಳಿದ ಸಸಾನಿಯನ್ ದೊರೆಗಳ ಕಾಲದಲ್ಲಿ, ಇದಕ್ಕೆಂದೇ ಮಾಡಿದ 50ಕ್ಕೂ ಹೆಚ್ಚು ಅಕ್ಷರಗಳ ಲಿಪಿಯಲ್ಲಿ. ಪಠಿಸುವವರ ಬಾಯಿಂದ ಬಂದ ಸಣ್ಣ ಸಣ್ಣ ಸ್ವರವ್ಯತ್ಯಾಸವನ್ನೂ ಹಿಡಿಯಬೇಕಿತ್ತಲ್ಲ, ಅದಕ್ಕೇ ಅಷ್ಟು ಅಕ್ಷರ. ನಮಗೆ ಉಳಿದಿರುವ ಯಸ್ನದ ಹಳೆಯ ಹಸ್ತಪ್ರತಿಗಳಲ್ಲಿ ಎರಡನ್ನು ಮಿಹ್ರಬಾನ್ ಕೈಖುಸ್ರೋ ಎಂಬ ಪುರೋಹಿತ 1323ರಲ್ಲಿ ಬರೆದದ್ದು ಗುಜರಾತಿನ ಖಂಭಾತ್‌ನಲ್ಲಿ. ಇರಾನಿನಲ್ಲಲ್ಲ!

ನಿಮಗೆ ಜಾಸ್ತಿ ಖುಷಿ ಕೊಡಬಹುದಾದ ಸಂಗತಿ ಇನ್ನೊಂದಿದೆ. ನೇರ್ಯೋಸಂಘ ಧವಲ್ ಎಂಬ ಪಾರ್ಸಿ ಪುರೋಹಿತ ಯಸ್ನವನ್ನು ಸಂಸ್ಕೃತಕ್ಕೇ ತಂದಿದ್ದ. ನೇರ ಅವೆಸ್ತಾದಿಂದಲ್ಲ, ನಡುಗಾಲದ ಪರ್ಷಿಯನ್ ಆದ ಪಹ್ಲವಿಯಲ್ಲಿದ್ದ ಟೀಕೆಯಿಂದ. ಆ ಪಹ್ಲವಿ ಟೀಕೆ ಬರೆದವರಿಗೇ ಗಾಥೆಗಳ ವ್ಯಾಕರಣ ಮರೆತುಹೋಗಿತ್ತು, ಅದರ ಎಡವಟ್ಟುಗಳೆಲ್ಲ ಇಲ್ಲಿಗೂ ಬಂದವು. ಆದರೂ 19ನೇ ಶತಮಾನದಲ್ಲಿ ಫ್ರಾನ್ಸಿನ ವಿದ್ವಾಂಸ ಬುರ್ನೂಫ್ ಈ ಸಂಸ್ಕೃತವನ್ನೇ ಊರುಗೋಲು ಮಾಡಿಕೊಂಡು ಅವೆಸ್ತಾಕ್ಕೆ ನುಗ್ಗಿದ. ಗಾಥೆಗಳ ಅನುವಾದಗಳು ಇವತ್ತಿಗೂ ಒಂದಕ್ಕೊಂದು ತಾಳೆಯಾಗುವುದಿಲ್ಲ, ಒಮ್ಮೆ ಮಾತ್ರ ಬಂದು ಮಾಯವಾಗುವ ಪದಗಳು ಅಷ್ಟಿವೆ. ಯಾರಾದರೂ 'ಇದೇ ಸರಿಯಾದ ಅರ್ಥ' ಅಂದರೆ ನಂಬಬೇಡಿ.

ಈ ವಯಸ್ಸಿನಲ್ಲಿ ಕಲಿಯಬಹುದಾ ಅಂತ ಕೊನೆಗೆ ಕೇಳಿದ್ದೀರಿ. ಖಂಡಿತ. ಜಾಕ್ಸನ್ ಅವರ 1892ರ ಅವೆಸ್ತಾ ವ್ಯಾಕರಣ ಪ್ರತಿ ರೂಪವನ್ನೂ ಸಂಸ್ಕೃತದ ಪಕ್ಕ ಇಟ್ಟು ತೋರಿಸುತ್ತೆ. ಇಂಗ್ಲಿಷ್ ಪುಸ್ತಕ, ಹಳೆಯದು, ಕೆಲವು ಕಡೆ ತಿದ್ದಿಕೊಳ್ಳಬೇಕು. ಲಿಪಿಯ ಗೊಡವೆಗೆ ಈಗಲೇ ಹೋಗಬೇಡಿ. ವಿಭಕ್ತಿಗಳಿಂದ ಶುರು ಮಾಡಿ, ಅಲ್ಲಿ ನಿಮಗೆ ಹೊಸದು ಕಡಿಮೆ.