ಓದುಗರ ಪ್ರಶ್ನೆ: ಗುಂಡಿನ ಸದ್ದು ನಿಂತ ಮೇಲೆ ಕಚೇರಿ ಬಾಗಿಲು ತೆರೆಯುವವರು ಯಾರು?

ಪ್ರಶ್ನೆ: ಎಂ.ಎ. ತರಗತಿಯಲ್ಲಿ ನಮಗೊಂದು ಅಭ್ಯಾಸ ಕೊಟ್ಟಿದ್ದಾರೆ. ಯುದ್ಧದಲ್ಲಿ ಸೇನೆಯೊಂದು 50,000 ಜನರ ಪಟ್ಟಣವನ್ನು ವಶಪಡಿಸಿಕೊಂಡಿದೆ, ಮೊದಲ ಹತ್ತು ದಿನದ ನಾಗರಿಕ ಆಡಳಿತ ಯೋಜಿಸಿ ಅಂತ. ನಾವು ಒಬ್ಬ ಆಡಳಿತಾಧಿಕಾರಿ, ಅವನ ಕೈಕೆಳಗೆ ಹನ್ನೆರಡು ಇಲಾಖೆ ಹಾಕಿದ್ದೇವೆ. ಸರಿಯೇ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಇಲಾಖೆಗಳನ್ನು ಆಮೇಲೆ ನೋಡೋಣ, ಮೊದಲು ಲೆಕ್ಕ ಹಾಕಿ. ಪರಿಹಾರ ಕೆಲಸದಲ್ಲಿ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು ಕನಿಷ್ಠ ಎಂದು ಹಿಡಿಯುತ್ತಾರೆ. ನಿಮ್ಮ ಪಟ್ಟಣಕ್ಕೆ 7.5 ಲಕ್ಷ ಲೀಟರ್ ಆಯಿತು. ಅಂದರೆ 10,000 ಲೀಟರಿನ ಟ್ಯಾಂಕರ್ 75 ಸರ್ತಿ ಓಡಬೇಕು. ಒಂದೊಂದು ಐದು ಸರ್ತಿ ಓಡಿದರೂ 15 ಟ್ಯಾಂಕರ್ ಬೇಕು, ಅಷ್ಟೇ ಚಾಲಕರು ಬೇಕು, ಡೀಸೆಲ್ ಬೇಕು. ಅದಕ್ಕಿಂತ ಪಂಪ್‌ಹೌಸಿನ ಆಪರೇಟರನನ್ನು ಮನೆಯಿಂದ ಕರೆಸಿ, ಒಂದು ಜನರೇಟರ್ ಕೊಟ್ಟು, ಬಾಗಿಲಿಗೆ ಕಾವಲು ಹಾಕುವುದು ಎಷ್ಟೋ ಅಗ್ಗ. ತಿಳಿನೀರಾದರೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು, ದಿನಕ್ಕೆ ಎರಡು ಕಿಲೊದೊಳಗೆ ಮುಗಿಯುತ್ತದೆ. ಹಾಕಿದ ಮೇಲೆ ಒಂದು ಗಂಟೆ ಬಿಡಬೇಕು. ಕೆಟ್ಟುಹೋಗುವುದು ಎರಡು ಕಡೆ: ಪೌಡರಿನ ಚೀಲ ಬಾಯಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ನೀರು ರಾಡಿಯಾಗಿದ್ದರೆ ಹಾಕಿದ್ದೆಲ್ಲ ಅದಕ್ಕೇ ಖರ್ಚಾಗುತ್ತದೆ. ಹಾಗಾಗಿ ತೊಟ್ಟಿಯಲ್ಲಷ್ಟೇ ಅಲ್ಲ, ಕಟ್ಟಕಡೆಯ ನಲ್ಲಿಯಲ್ಲೂ ಪರೀಕ್ಷೆ ಮಾಡಿಸಿ.

ಧಾನ್ಯ ತಲೆಗೆ 400 ಗ್ರಾಂ ಹಿಡಿದರೆ ದಿನಕ್ಕೆ 20 ಟನ್, ಐವತ್ತು ಕಿಲೊದ 400 ಚೀಲ. ಜೋಳ ಹಂಚುವುದಾದರೆ ಗಿರಣಿಗೆ ಕರೆಂಟು ಬೇಕು, ಅಕ್ಕಿಯಾದರೆ ಉರುವಲು ಬೇಕು. ಹೆಚ್ಚಿನ ಯೋಜನೆಗಳಲ್ಲಿ ಈ ಸಾಲೇ ಇರುವುದಿಲ್ಲ. 1943ರಲ್ಲಿ ಮಿತ್ರರಾಷ್ಟ್ರಗಳು ಸಿಸಿಲಿ ಹಿಡಿದಾಗ ದ್ವೀಪದ ಗೋಧಿ ದ್ವೀಪಕ್ಕೆ ಸಾಕಾದೀತು ಎಂದುಕೊಂಡಿದ್ದರು. ಸರ್ಕಾರಿ ದರ ಕಡಿಮೆ, ಕಾಳಸಂತೆಯ ದರ ಜಾಸ್ತಿ. ರೈತರು ಗೋಧಿ ಬಚ್ಚಿಟ್ಟರು. ಲಾರಿಗಳೆಲ್ಲ ಸೇನೆಯ ಸರಬರಾಜಿಗೆ ಹೋಗಿದ್ದವು, ಪೇಟೆಗಳಲ್ಲಿ ಬ್ರೆಡ್ಡಿಗೆ ತತ್ವಾರವಾಯಿತು. ಆದ್ದರಿಂದ ದಿನಕ್ಕೆ ಇಷ್ಟು ಲಾರಿ ನಾಗರಿಕರದ್ದು ಎಂದು ಸೇನಾಧಿಕಾರಿಯಿಂದ ಮೊದಲೇ ಬರಹದಲ್ಲಿ ಪಡೆದಿರಬೇಕು. ಬಾಯಿಮಾತಿನ ಲಾರಿ ಮೂರನೇ ದಿನಕ್ಕೆ ಮಾಯವಾಗುತ್ತದೆ.

ಕಾವಲು ಎಲ್ಲೆಲ್ಲಿ? ಖಜಾನೆ, ದಾಖಲೆ ಕೋಣೆ, ಆಸ್ಪತ್ರೆಯ ಔಷಧ ಉಗ್ರಾಣ, ಧಾನ್ಯದ ಗೋದಾಮು, ಜೈಲು. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಹಿಡಿದ ಬಾಗ್ದಾದಿನಲ್ಲಿ ತೈಲ ಸಚಿವಾಲಯಕ್ಕೆ ಕಾವಲಿತ್ತು, ಉಳಿದ ಹೆಚ್ಚಿನ ಸಚಿವಾಲಯಗಳು ಹಾಡಹಗಲೇ ಲೂಟಿಯಾದವು. ಕುರ್ಚಿ ಹೋದರೆ ತರಬಹುದು. ಸಂಬಳದ ಪಟ್ಟಿ, ಜಮೀನಿನ ದಾಖಲೆ ಹೋದರೆ ಯಾರಿಗೆ ಏನು ಸಲ್ಲಬೇಕು ಎಂಬುದೇ ಗೊತ್ತಾಗದು.

ಪ್ರಶ್ನೆ: ಪೊಲೀಸ್ ಆಕ್ಷನ್ ಆದ ಮೇಲೂ ನಮ್ಮ ಕಡೆ ಅದೇ ಪಟವಾರಿ, ಅದೇ ತಹಸೀಲ ಕಚೇರಿ ಇದ್ದವು ಅಂತ ಹಿರಿಯರು ಹೇಳ್ತಾರ. ಹಂಗಾದ್ರ ಅದನ್ನ ಆಕ್ರಮಿತ ಪ್ರದೇಶದ ಆಡಳಿತ ಅನ್ನಬಹುದಾ?
– ಓದುಗರು, ಬೀದರ್

ಉತ್ತರ: ಭಾರತ ಸರ್ಕಾರ ಅದನ್ನು ಯುದ್ಧ ಎನ್ನಲಿಲ್ಲ. ಕಾನೂನಿನ ಎಳೆ ಕಡಿಯದಂತೆಯೂ ನೋಡಿಕೊಂಡಿತು. ಪೊಲೀಸ್ ಆಕ್ಷನ್ ಎಂಬ ಹೆಸರಲ್ಲಿ ಭಾರತದ ಸೇನೆ ನಿಜಾಮರ ಹೈದರಾಬಾದ್ ಸಂಸ್ಥಾನದ ಒಳಬಂದದ್ದು 1948ರ ಸೆಪ್ಟೆಂಬರ್ 13ಕ್ಕೆ, ನಿಜಾಮರ ಪಡೆ ಶರಣಾದದ್ದು 18ಕ್ಕೆ. ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು. ಮರುದಿನವೇ ನಿಜಾಮರ ಫರ್ಮಾನು ಅವರಿಗೆ ಆಡಳಿತದ ಅಧಿಕಾರ ಒಪ್ಪಿಸಿತು. ಅಧಿಕಾರ ಸೇನೆಯ ಕೈಯಲ್ಲಿ, ಹೆಸರು ಹಳೆಯ ದೊರೆಯದು. ಮುಖ್ಯ ನಾಗರಿಕ ಆಡಳಿತಾಧಿಕಾರಿಯಾಗಿ ಐಸಿಎಸ್ (ಬ್ರಿಟಿಷರ ಕಾಲದ ನಾಗರಿಕ ಸೇವೆ) ಅಧಿಕಾರಿ ಡಿ.ಎಸ್. ಬಖಲೆ ಬಂದರು, ಜಿಲ್ಲೆಗಳಿಗೆ ನೆರೆಯ ಪ್ರಾಂತಗಳಿಂದ ಅಧಿಕಾರಿಗಳು ಬಂದರು. ಊರ ಮಟ್ಟದಲ್ಲಿ ಲೆಕ್ಕ ಬರೆಯುವ ಪಟವಾರಿ, ಕಂದಾಯ ವಸೂಲಿಯ ಮಾಲಿ ಪಾಟೀಲರಿಲ್ಲದೆ ಒಂದು ಪಹಣಿಯೂ ಹೊರಬರುತ್ತಿರಲಿಲ್ಲ, ಅದಕ್ಕೇ ಅವರು ಉಳಿದರು. 1949ರ ಆಗಸ್ಟ್‌ನ ಜಾಗೀರು ರದ್ದತಿ ಕಾನೂನಿನ ಹೆಸರಲ್ಲೂ ಇಸವಿ, ನಿಜಾಮರ ಕಾಲದ ಕಂದಾಯ ಪಂಚಾಂಗದಂತೆ, ಫಸಲಿ 1358 ಎಂದೇ ಇದೆ.

ನಾಣ್ಯವನ್ನೂ ರಾತ್ರೋರಾತ್ರಿ ಬದಲಿಸಲಿಲ್ಲ. ನಿಜಾಮರ ರೂಪಾಯಿಯಾದ ಹಾಲಿ ಸಿಕ್ಕಾ 1950ರ ದಶಕದಲ್ಲೂ ಓಡಾಡಿತು. ಏಳು ಹಾಲಿಗೆ ಆರು ಕಲ್ದಾರ, ಅಂದರೆ ಭಾರತದ ರೂಪಾಯಿ. ಇಂಥ ಕಡೆ ದರದ ಫಲಕ ಖಜಾನೆ ಬಾಗಿಲಲ್ಲಿ ಇರಲೇಬೇಕು. ಇಲ್ಲದಿದ್ದರೆ ಎರಡೂ ಒಂದೇ ಎಂದು ನಂಬಿ ಕಲ್ದಾರ ಬದಲು ಹಾಲಿ ತೆಗೆದುಕೊಂಡವನು ಏಳರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತಾನೆ.

ಎಡವಿದ್ದು ಬೇರೆ ಕಡೆ. ನಿಜಾಮರ ಪರವಾಗಿದ್ದ ಸಶಸ್ತ್ರ ಸ್ವಯಂಸೇವಕ ಪಡೆ ರಜಾಕಾರರ ಹಾವಳಿಯ ಬೆನ್ನಿಗೇ ಮುಸ್ಲಿಮರ ಮೇಲೆ ಪ್ರತೀಕಾರದ ಹತ್ಯೆ, ಲೂಟಿ ನಡೆದವು. ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ 1948ರ ಕೊನೆಗೆ ಸುತ್ತಾಡಿ, ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಎರಡೂ ಇದ್ದವು. ಕೆಲವೆಡೆ ಸೈನಿಕರು, ಪೊಲೀಸರೂ ಕೈಜೋಡಿಸಿದ್ದರೆಂದು ಅದು ದಾಖಲಿಸಿದೆ. ಸೇನೆಯ ಸಾಲು ಹೆದ್ದಾರಿ ಹಿಡಿದು ಮುಂದೆ ಹೋಗುತ್ತದೆ, ಹಿಂದಿನ ಊರುಗಳಲ್ಲಿ ಹಳೆಯ ಠಾಣೆ ಕುಸಿದಿರುತ್ತದೆ, ಹೊಸದು ಬಂದಿರುವುದಿಲ್ಲ. ಯೋಜನೆಯಲ್ಲಿ ಅತಿ ದೊಡ್ಡ ಸಾಲು ಇದೇ ಆಗಬೇಕಿತ್ತು: ಪೊಲೀಸ್ ತುಕಡಿ ಜಿಲ್ಲಾಕೇಂದ್ರಕ್ಕಲ್ಲ, ಸೇನೆಯ ಬೆನ್ನಿಗೇ ಪ್ರತಿ ತಾಲ್ಲೂಕಿಗೆ; ಜೊತೆಗೆ ಸೈನಿಕನ ಮೇಲೂ ದೂರು ಬರೆದುಕೊಳ್ಳುವ ಒಬ್ಬ ಅಧಿಕಾರಿ.

ಪ್ರಶ್ನೆ: ಸೇನೆಯವರು ರೈತನ ಎತ್ತು, ಬಂಡಿ, ಕಾಳು ತಗೊಂಡ್ರ ರೊಕ್ಕ ಕೊಡಬೇಕಾ?
– ಓದುಗರು, ಶಹಾಪುರ

ಉತ್ತರ: ಕೊಡಬೇಕು. ಯುದ್ಧದ ರೀತಿನೀತಿ ಹೇಳುವ 1907ರ ಹೇಗ್ ನಿಯಮಾವಳಿಯ 52ನೇ ವಿಧಿಯಂತೆ ಸೇನೆಯ ಅಗತ್ಯಕ್ಕಷ್ಟೇ, ಊರಿನ ಶಕ್ತಿ ನೋಡಿ, ಸ್ಥಳೀಯ ಕಮಾಂಡರನ ಅಪ್ಪಣೆಯ ಮೇಲೆ ತೆಗೆದುಕೊಳ್ಳಬೇಕು. ಸಾಧ್ಯವಾದಷ್ಟೂ ನಗದು, ಇಲ್ಲದಿದ್ದರೆ ರಸೀದಿ, ಆಮೇಲೆ ಬೇಗ ಪಾವತಿ. ರಸೀದಿಯಲ್ಲಿ ಬರೀ "ಜೋಳ, ನಾಲ್ಕು ಚೀಲ" ಎಂದು ಬರೆದರೆ ಜಗಳ ಖಾತ್ರಿ. ಚೀಲದ ತೂಕ, ಆ ದಿನದ ಪೇಟೆ ದರ, ಪಡೆದ ತುಕಡಿಯ ಹೆಸರು, ಅಧಿಕಾರಿಯ ಹುದ್ದೆ, ತಾರೀಖು ಬೇಕು. ಮೂರು ಪ್ರತಿ: ರೈತನಿಗೊಂದು, ತುಕಡಿಗೊಂದು, ತಹಸೀಲಿಗೊಂದು. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಬೀಜದ ತೊಗರಿ, ಉಳುವ ಎತ್ತು ಮುಟ್ಟಬಾರದು ಎಂದು ಯೋಜನೆಯಲ್ಲೇ ಬರೆದಿಡಿ. ಆಗ ಒಯ್ದರೆ ಮುಂದಿನ ವರ್ಷ ನೀವೇ ಹೊರಗಿನಿಂದ ಕಾಳು ತರಿಸಬೇಕಾಗುತ್ತದೆ.

ಪ್ರಶ್ನೆ: ಹಳೆಯ ಸರ್ಕಾರದ ನೌಕರರನ್ನು ತೆಗೆದುಹಾಕುವುದು ಒಳ್ಳೆಯದಲ್ಲವೇ?
– ನಿವೃತ್ತ ಶಿರಸ್ತೇದಾರರು, ಹುಮನಾಬಾದ್

ಉತ್ತರ: ಎಲ್ಲರನ್ನೂ ತೆಗೆದರೆ ಏನಾಗುತ್ತದೆ ಎಂಬುದನ್ನು ಇರಾಕ್ ತೋರಿಸಿತು. ಅಲ್ಲಿ ಅಮೆರಿಕ ನೇತೃತ್ವದ ಆಡಳಿತದ 2003ರ ಮೇ 16ರ ಆದೇಶ ಸದ್ದಾಂ ಹುಸೇನರ ಬಾಥ್ ಪಕ್ಷದ ಮೇಲಿನ ಹಂತದವರನ್ನು ಹೊರಹಾಕಿತು, ಮೇ 23ರದು ಸೇನೆಯನ್ನೇ ವಿಸರ್ಜಿಸಿತು. ಆಯುಧ ಬಲ್ಲ ಲಕ್ಷಾಂತರ ಜನ ಸಂಬಳವಿಲ್ಲದೆ ಬೀದಿಗೆ ಬಂದರು. ಸೋತ ಜರ್ಮನಿಯಲ್ಲಿ ಅಮೆರಿಕನ್ನರು 131 ಪ್ರಶ್ನೆಗಳ ಫಾರ್ಮು ತುಂಬಿಸಿಕೊಂಡರು. ರಾಶಿ ಬಿದ್ದ ಫಾರ್ಮುಗಳನ್ನು ಓದುವವರೇ ಸಾಲಲಿಲ್ಲ. ನಮ್ಮ ಸಲಹೆ: ನೀತಿ ನಿರ್ಧರಿಸುತ್ತಿದ್ದವರನ್ನು, ದೌರ್ಜನ್ಯದಲ್ಲಿ ಕೈಯಿದ್ದವರನ್ನು ಹೆಸರು ಹಿಡಿದು ದೂರವಿಡಿ. ಗುಮಾಸ್ತ, ಲೈನ್‌ಮನ್, ನರ್ಸ್, ಶಾಲಾ ಮಾಸ್ತರರಿಗೆ ತಾತ್ಕಾಲಿಕ ಮುಂದುವರಿಕೆಯ ಆದೇಶ ಕೊಟ್ಟು, ಮೊದಲ ತಿಂಗಳ ಸಂಬಳ ತಪ್ಪದಂತೆ ನೋಡಿ. ಹೊಸ ಅಧಿಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿಸುವಂತಿಲ್ಲ. ಆತ್ಮಸಾಕ್ಷಿ ಒಪ್ಪದೆ ಕೆಲಸ ಬಿಟ್ಟವರನ್ನು ಶಿಕ್ಷಿಸಲು ಯುದ್ಧದಲ್ಲಿ ನಾಗರಿಕರನ್ನು ಕಾಯುವ 1949ರ ನಾಲ್ಕನೇ ಜಿನೀವಾ ಒಪ್ಪಂದ ಬಿಡುವುದಿಲ್ಲ.

ಪ್ರಶ್ನೆ: ಆದೇಶಗಳು ಯಾವ ಭಾಷೆಯಲ್ಲಿರಬೇಕು?
– ಓದುಗರು, ಯಾದಗಿರಿ

ಉತ್ತರ: ದಂಡನೆಯ ಆದೇಶವಾದರೆ ಅಲ್ಲಿಯ ಜನರ ಭಾಷೆಯಲ್ಲೇ ಪ್ರಕಟವಾಗಬೇಕು, ಅದಕ್ಕೆ ಮುಂಚೆ ಅದು ಜಾರಿಗೆ ಬರದು, ಹಿಂದಿನ ಕೃತ್ಯಕ್ಕೂ ಅನ್ವಯಿಸದು. ಅದೇ ನಾಲ್ಕನೇ ಜಿನೀವಾ ಒಪ್ಪಂದದ 65ನೇ ವಿಧಿ ನೋಡಿ. ಗೋಡೆಗೆ ಹಚ್ಚಿದರೆ ಸಾಲದು, ಡಂಗುರವೂ ಬೇಕು. ಕರ್ಫ್ಯೂ ಆದೇಶದಲ್ಲಿ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂಬುದರ ಜೊತೆಗೆ ಹೆರಿಗೆಗೆ ಕರೆದೊಯ್ಯುವವರು, ನೀರು ಬಿಡುವವರು, ಹೆಣ ಸಾಗಿಸುವವರಿಗೆ ಪಾಸು ಎಲ್ಲಿ ಸಿಗುತ್ತದೆ ಎಂಬುದನ್ನೂ ಬರೆಯಿರಿ.