ಸಮ್ಮೇಳನದ ಸೇವೆಗೆ ಹೋಗುವ ಮುನ್ನ

ಪ್ರಿಯ ಸಹೋದರಿ, ವಂದನೆಗಳು.

ಅಮೆರಿಕದ ಶಾರ್ಲೆಟ್ ನಗರಕ್ಕೆ ಬಂದು ಆರು ತಿಂಗಳಾದ ನಿಮ್ಮನ್ನು ಇಲ್ಲಿನ ಯುನೈಟೆಡ್ ಮೆಥೋಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆಯವರು (ಚರ್ಚಿನವರು) ಜೂನ್ ತಿಂಗಳ ವಾರ್ಷಿಕ ಸಮ್ಮೇಳನಕ್ಕೆ ಸ್ವಯಂಸೇವಕಿಯಾಗಿ ಕರೆದಿದ್ದಾರೆ. ಸಲಿಂಗಿಗಳನ್ನು ಸಭೆಯಲ್ಲಿ ಸರಿಸಮಾನರಾಗಿ ಕಾಣಬೇಕೆನ್ನುವ ತಂಡದೊಂದಿಗೆ ಹೋಗಬಹುದೇ, ಬೀದರಿನಲ್ಲಿರುವ ತಂದೆಯವರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ನಾನೂ ಬೀದರ್ ಕಡೆಯವನೇ, ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷಗಳಾದವು. ಹೋಗಿ ಬನ್ನಿ ಎಂದೇ ಹೇಳುತ್ತೇನೆ.

ಇಡೀ ಪಂಗಡದ ನಿಯಮಗಳನ್ನು ತೀರ್ಮಾನಿಸುವ 2024ರ ಮಹಾ ಸಮ್ಮೇಳನ ನಮ್ಮ ಊರಿನಲ್ಲೇ ನಡೆದಾಗ ನಾನು ಪ್ರೇಕ್ಷಕರ ಕಡೆ ನೀರು ಕೊಡುವ, ಗಾಲಿಕುರ್ಚಿ ತಳ್ಳುವ ಕೆಲಸದಲ್ಲಿದ್ದೆ. ಸಲಿಂಗಿಗಳಿಗೆ ಸಭಾಪಾಲಕ (ಪಾದ್ರಿ) ದೀಕ್ಷೆ ಕೊಡಬಾರದೆಂದು 1984ರಿಂದ ಇದ್ದ ನಿಷೇಧವು ಮೇ 1ರಂದು, ಚರ್ಚೆಯೇ ಇಲ್ಲದೆ, ಒಟ್ಟಾಗಿ ಮತಕ್ಕೆ ಹಾಕಿದ ಹಲವು ಠರಾವುಗಳ ನಡುವೆ 692–51 ಮತಗಳಿಂದ ರದ್ದಾಯಿತು. ನನ್ನ ಪಕ್ಕದಲ್ಲಿದ್ದ ವೃದ್ಧ ಮಹಿಳೆಯೊಬ್ಬರು ನಾನು ಕೊಟ್ಟ ನೀರಿನ ಲೋಟವನ್ನು ಕುಡಿಯಲಿಲ್ಲ, ಕೆಳಗಿಡಲೂ ಇಲ್ಲ. ಎರಡೂ ಕೈಗಳಿಂದ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದರು. ಆದರೆ ಆ ಅಂಕಿಯನ್ನು ಕಂಡು ಎಲ್ಲರ ಮನಸ್ಸೂ ಬದಲಾಯಿತೆಂದು ತಿಳಿಯಬೇಡಿ. 2019ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಇದೇ ನಿಷೇಧವನ್ನು 438–384 ಮತಗಳಿಂದ ಬಿಗಿಗೊಳಿಸಲಾಗಿತ್ತು. ಆಮೇಲಿನ ವರ್ಷಗಳಲ್ಲಿ ಅಮೆರಿಕದ ಸುಮಾರು ಕಾಲು ಭಾಗದಷ್ಟು ಸಭೆಗಳು ಹೊರನಡೆದವು. ಹಾಗಾಗಿ 2024ರಲ್ಲಿ ಒಪ್ಪದವರಲ್ಲಿ ಅನೇಕರು ಮತ ಹಾಕಲು ಅಲ್ಲಿರಲೇ ಇಲ್ಲ. ಒಪ್ಪದೆಯೂ ಉಳಿದವರು ಜೂನ್‌ನಲ್ಲಿ ನಿಮ್ಮ ಮುಂದೆಯೇ ಬಂದು ಶೌಚಾಲಯ ಎಲ್ಲಿದೆ ಎಂದು ಕೇಳುತ್ತಾರೆ; ಅವರಿಗೂ ಅಷ್ಟೇ ಮರ್ಯಾದೆಯಿಂದ ದಾರಿ ತೋರಿಸಬೇಕು. ನನ್ನ ಮಟ್ಟಿಗೆ ಇಡೀ ಸೇವೆಯಲ್ಲಿ ಕಷ್ಟದ ಭಾಗ ಇದೇ.

ಇನ್ನೊಂದು ಮಾತು, ಇದು ಪೆಟ್ಟು ತಿಂದು ಕಲಿತದ್ದು. ನಮ್ಮ ಬಣ್ಣ, ಉಚ್ಚಾರಣೆ ಕಂಡೊಡನೆ ಎರಡೂ ಕಡೆಯವರು "ಭಾರತದ ಸಭೆ ಏನನ್ನುತ್ತದೆ?" ಎಂದು ಕೇಳುತ್ತಾರೆ. ನಾನು ಯಾರದೋ ಮೊಬೈಲಿನ ಮುಂದೆ ಇಡೀ ಭಾರತದ ಪರವಾಗಿ ಉತ್ತರಿಸಿಬಿಟ್ಟೆ. ನಾನು ಮನೆ ತಲುಪುವ ಮೊದಲೇ ಆ ತುಣುಕು ಬೀದರಿನ ವಾಟ್ಸಾಪ್ ಗುಂಪನ್ನು ತಲುಪಿತ್ತು. ಚಿಕ್ಕಪ್ಪನವರು ಎರಡು ತಿಂಗಳು ಫೋನ್ ಎತ್ತಲಿಲ್ಲ. ನೀವು ನಿಮ್ಮೊಬ್ಬರ ಮಾತನ್ನಷ್ಟೇ ಆಡಿ.

ತಂದೆಯವರಿಗೆ ನಿಜವನ್ನೇ ಹೇಳಿ: ಭಾರತದ ಮೆಥೋಡಿಸ್ಟ್ ಚರ್ಚ್ 1981ರಿಂದ ಸ್ವಾಯತ್ತ ಸಭೆಯಾಗಿದ್ದು, ಇಲ್ಲಿಯ ಠರಾವು ಬೀದರಿನ ಸಭೆಗೆ ಅನ್ವಯಿಸುವುದಿಲ್ಲ. ಇಲ್ಲಿಯೂ ಸಲಿಂಗ ವಿವಾಹ ನೆರವೇರಿಸುವಂತೆ ಯಾವ ಸಭಾಪಾಲಕರನ್ನೂ ಒತ್ತಾಯಿಸುವಂತಿಲ್ಲ. ಇಷ್ಟು ತಿಳಿದರೆ ಅವರ ಅರ್ಧ ಆತಂಕ ಇಳಿಯಬಹುದು. ಉಳಿದರ್ಧಕ್ಕೆ ನನ್ನಲ್ಲಿ ಮದ್ದಿಲ್ಲ.

ನೀವು ಎಚ್-4 ವೀಸಾದಲ್ಲಿ (ಇಲ್ಲಿ ಕೆಲಸ ಮಾಡುವವರ ಕುಟುಂಬಕ್ಕೆ ಸಿಗುವ, ತಾನಾಗಿಯೇ ದುಡಿಯುವ ಅನುಮತಿ ಕೊಡದ ವೀಸಾ) ಇರುವುದರಿಂದ ಗೌರವಧನವೆಂದು ಯಾರಾದರೂ ಹಣದ ಲಕೋಟೆ ಕೊಟ್ಟರೆ ನಯವಾಗಿ ನಿರಾಕರಿಸಿ. ಸಂದೇಹವಿದ್ದರೆ ವಕೀಲರನ್ನು ಮೊದಲೇ ಕೇಳಿ. ಸಲಿಂಗಿಗಳಿಗೆ ಬೆಂಬಲದ ಗುರುತಾದ, ಕೊರಳ ಸುತ್ತ ಇಳಿಬಿಡುವ ಮಳೆಬಿಲ್ಲಿನ ಬಣ್ಣದ ಸ್ಟೋಲನ್ನು ತಂಡದವರೇ ಕೊಡುತ್ತಾರೆ. ಧರಿಸಲು ಮುಜುಗರವಾದರೆ ಹಾಗೆಂದು ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಮೆತ್ತನೆಯ ಶೂ ಹಾಕಿಕೊಳ್ಳಿ. ಸಮ್ಮೇಳನ ನಡೆಯುವ ಲೇಕ್ ಜುನಲಸ್ಕಾ ಬೆಟ್ಟಗಳ ನಡುವಿನ ಜಾಗವಾದ್ದರಿಂದ ಜೂನ್‌ನಲ್ಲೂ ಸಂಜೆ ಚಳಿಯಾಗುತ್ತದೆ; ಒಂದು ಶಾಲು ಇಟ್ಟುಕೊಂಡಿರಿ.